ಗೆರೆಯಾಚೆಯ ಸಂಘಟಕ: ಬೇಯರ್ಡ್ ರಸ್ಟಿನ್ – ಚರಿತ್ರೆ ಮತ್ತು ಚಲನಚಿತ್ರ

1963ರ ಆಗಸ್ಟ್ 28ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ಸುಮಾರು 2,50,000 ಜನ ನೆರೆದಿದ್ದರು. ಅಂದು ಮಾರ್ಟಿನ್ ಲೂಥರ್ ಕಿಂಗ್ ಅವರು ಮಾಡಿದ ಭಾಷಣ ಇಂದು ಶಾಲೆಯ ಮಕ್ಕಳಿಗೂ ಪರಿಚಿತವಾದುದು. ಆದರೆ ಅಷ್ಟು ಜನರನ್ನು ಅಲ್ಲಿಗೆ ಕರೆತಂದವರು ಯಾರು, ಅವರ ಊಟ ನೀರಿನ ವ್ಯವಸ್ಥೆ ಮಾಡಿದವರು ಯಾರು, ಸಂಜೆಯ ಹೊತ್ತಿಗೆ ಗಲಭೆಯಿಲ್ಲದೆ ಅವರನ್ನು ಊರಿಗೆ ಮರಳಿಸಿದವರು ಯಾರು ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಈ ಪ್ರಶ್ನೆಗಳಿಗೆ ದೊರೆಯುವ ಉತ್ತರಗಳಲ್ಲಿ ಮೊದಲು ಬರಬೇಕಾದ ಹೆಸರು ಬೇಯರ್ಡ್ ರಸ್ಟಿನ್ ಅವರದು.

2023ರಲ್ಲಿ ಜಾರ್ಜ್ ಸಿ. ವುಲ್ಫ್ ಅವರ ನಿರ್ದೇಶನದಲ್ಲಿ 'ರಸ್ಟಿನ್' ಎಂಬ ಕಥಾಚಿತ್ರ ತೆರೆಗೆ ಬಂದಿತು. ನಾಯಕನ ಪಾತ್ರ ವಹಿಸಿದ ಕೋಲ್ಮನ್ ಡೊಮಿಂಗೊ ಅವರು ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡರು. ಈ ಚಿತ್ರವನ್ನು ನಮ್ಮ ವಿಭಾಗದ ಸಂಶೋಧನ ವಿದ್ಯಾರ್ಥಿಗಳೊಡನೆ ಕುಳಿತು ನೋಡಿದ ಸಂದರ್ಭದಲ್ಲಿ ಒಬ್ಬ ವಿದ್ಯಾರ್ಥಿನಿ, "ಇಷ್ಟು ಕೆಲಸ ಮಾಡಿದವರ ಹೆಸರು ನಮ್ಮ ಪಾಠದಲ್ಲಿ ಏಕೆ ಇರಲಿಲ್ಲ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರವನ್ನು ಅರಸುವುದು ಪ್ರಸ್ತುತ ಲೇಖನದ ಉದ್ದೇಶ. ವರ್ಣಪ್ರತ್ಯೇಕತೆಯ ಗೆರೆಯನ್ನು ಅಳಿಸಲು ಹೊರಟ ಚಳವಳಿಯೇ ತನ್ನೊಳಗೆ ಇನ್ನೊಂದು ಗೆರೆಯನ್ನು ಎಳೆದು, ತನ್ನ ಸಮರ್ಥ ಸಂಘಟಕನನ್ನು ಅದರಾಚೆ ನಿಲ್ಲಿಸಿತು ಎಂಬುದು ನಾವು ಕಂಡುಕೊಂಡ ಉತ್ತರ. ಆ ಗೆರೆಯನ್ನು ಈ ಚಿತ್ರ ಎಷ್ಟರಮಟ್ಟಿಗೆ ತೋರಿಸುತ್ತದೆ, ಎಲ್ಲಿ ತಾನೇ ಹೊಸ ಗೆರೆ ಎಳೆಯುತ್ತದೆ ಎಂಬುದನ್ನೂ ಪರಿಶೀಲಿಸಬೇಕಾಗಿದೆ.

1. ಹಿನ್ನೆಲೆ

1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 'ಪ್ಲೆಸಿ' ಪ್ರಕರಣದಲ್ಲಿ ನೀಡಿದ ತೀರ್ಪು, ಬಿಳಿಯರಿಗೂ ಕಪ್ಪುಜನರಿಗೂ ಬೇರೆ ಬೇರೆ ಸೌಲಭ್ಯಗಳಿದ್ದರೂ ಅವು ಸಮಾನವಾಗಿದ್ದರೆ ಸಾಕು ಎಂಬ ತತ್ತ್ವಕ್ಕೆ ಕಾನೂನಿನ ಮುದ್ರೆಯೊತ್ತಿತು. ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ರೈಲು, ಬಸ್ಸು, ಉಪಾಹಾರಗೃಹ, ಕುಡಿಯುವ ನೀರಿನ ನಲ್ಲಿ, ಆಸ್ಪತ್ರೆ, ಸ್ಮಶಾನ ಎಲ್ಲವೂ ಎರಡಾದವು. ಬೇರೆಯಾಗಿದ್ದವು ಎಂಬುದು ನಿಜ; ಸಮಾನವಾಗಿದ್ದವು ಎಂಬುದು ಎಲ್ಲಿಯೂ ನಿಜವಾಗಲಿಲ್ಲ. 1954ರಲ್ಲಿ 'ಬ್ರೌನ್' ಪ್ರಕರಣದ ತೀರ್ಪು ಶಾಲೆಗಳಿಗೆ ಸಂಬಂಧಿಸಿದಂತೆ ಈ ತತ್ತ್ವವನ್ನು ತಳ್ಳಿಹಾಕಿತಾದರೂ ತೀರ್ಪು ಊರೂರಿನ ಶಾಲೆಯ ಬಾಗಿಲಿಗೆ ತಲಪಲು ಬಹುಕಾಲ ಹಿಡಿಯಿತು.

ರಸ್ಟಿನ್ 1912ರ ಮಾರ್ಚ್ 17ರಂದು ಪೆನ್ಸಿಲ್ವೇನಿಯಾ ರಾಜ್ಯದ ವೆಸ್ಟ್ ಚೆಸ್ಟರ್ ಎಂಬ ಊರಿನಲ್ಲಿ ಹುಟ್ಟಿದರು. ಅವರನ್ನು ಬೆಳೆಸಿದವರು ಅಜ್ಜಿ ಜೂಲಿಯಾ. ಆಕೆ ಕ್ವೇಕರ್ ಪಂಥದ ಸಂಸ್ಕಾರದಲ್ಲಿ ಬೆಳೆದವರು. ಯುದ್ಧವನ್ನೂ ಹಿಂಸೆಯನ್ನೂ ನಿರಾಕರಿಸುವ ಆ ಪಂಥದ ನಿಲುವು ಮೊಮ್ಮಗನಲ್ಲಿ ಆಳವಾಗಿ ಬೇರೂರಿತು. 1937ರಲ್ಲಿ ನ್ಯೂಯಾರ್ಕಿಗೆ ಬಂದ ರಸ್ಟಿನ್, ವರ್ಣಭೇದವನ್ನು ವಿರೋಧಿಸುತ್ತಿದ್ದ ಕಾರಣಕ್ಕಾಗಿ ಕಮ್ಯುನಿಸ್ಟ್ ಯುವಸಂಘವನ್ನು ಸೇರಿದರು. 1941ರಲ್ಲಿ ಜರ್ಮನಿ ಸೋವಿಯತ್ ದೇಶದ ಮೇಲೆ ದಾಳಿ ಮಾಡಿದ ನಂತರ ಪಕ್ಷವು ಯುದ್ಧಕ್ಕೆ ಪ್ರಾಶಸ್ತ್ಯ ಕೊಟ್ಟು ವರ್ಣಭೇದ ವಿರೋಧದ ಕೆಲಸವನ್ನು ನಿಲ್ಲಿಸಲು ಹೇಳಿದಾಗ ಅದರಿಂದ ಹೊರಬಂದರು.

ಅದೇ ವರ್ಷ ಅವರು ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ಅವರ ಜೊತೆಗೂಡಿದರು. ಯುದ್ಧಸಾಮಗ್ರಿಯ ಕಾರ್ಖಾನೆಗಳಲ್ಲಿ ಕಪ್ಪುಜನರಿಗೆ ಕೆಲಸ ಕೊಡದಿದ್ದರೆ ವಾಷಿಂಗ್ಟನ್ನಿಗೆ ಜಾಥಾ ಬರುವುದಾಗಿ ರಾಂಡಾಲ್ಫ್ ಎಚ್ಚರಿಸಿದರು. ಅಧ್ಯಕ್ಷ ರೂಸ್‌ವೆಲ್ಟ್ ಅವರು 1941ರ ಜೂನ್ 25ರಂದು ಅಂತಹ ಭೇದವನ್ನು ನಿಷೇಧಿಸುವ ಆದೇಶ ಹೊರಡಿಸಿದರು, ಜಾಥಾ ನಿಂತಿತು. 1963ರ ಜಾಥಾದ ಬೀಜ ಇಲ್ಲಿದೆ. ಅದು ಒಂದು ಬೇಸಿಗೆಯ ಉತ್ಸಾಹದಿಂದ ಹುಟ್ಟಿದ್ದಲ್ಲ, 22 ವರ್ಷ ಕಾದ ಯೋಜನೆ ಎಂಬುದನ್ನು ಗಮನಿಸಬೇಕು.

2. ಗಾಂಧಿಮಾರ್ಗದ ಅಭ್ಯಾಸ

1942ರಲ್ಲಿ ರಸ್ಟಿನ್ ಲೂಯಿವಿಲ್‌ನಿಂದ ನ್ಯಾಶ್‌ವಿಲ್‌ಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸಾಲಿಗೆ ಹೋಗಲು ಒಪ್ಪದೆ ಪೋಲೀಸರ ಹೊಡೆತ ತಿಂದರು. ರೋಸಾ ಪಾರ್ಕ್ಸ್ ಅವರ ನಿರಾಕರಣೆಗೆ ಇನ್ನೂ 13 ವರ್ಷಗಳಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯ ಸೇರಲು ನಿರಾಕರಿಸಿ 1944ರಿಂದ 1946ರವರೆಗೆ ಸೆರೆಮನೆಯಲ್ಲಿದ್ದರು. ಅಲ್ಲಿಯೂ ಊಟದ ಮನೆಯಲ್ಲಿ ಕೈದಿಗಳನ್ನು ಬಣ್ಣದ ಆಧಾರದಲ್ಲಿ ಬೇರೆ ಕೂರಿಸುವುದನ್ನು ಪ್ರತಿಭಟಿಸಿದರು.

1947ರಲ್ಲಿ 8 ಮಂದಿ ಬಿಳಿಯರು ಮತ್ತು 8 ಮಂದಿ ಕಪ್ಪುಜನರು ಕೂಡಿ ದಕ್ಷಿಣದ ರಾಜ್ಯಗಳಲ್ಲಿ ಬಸ್ ಪ್ರಯಾಣ ಕೈಗೊಂಡರು. ಅಂತರರಾಜ್ಯ ಬಸ್ಸುಗಳಲ್ಲಿ ಪ್ರತ್ಯೇಕ ಆಸನ ಕಾನೂನುಬಾಹಿರವೆಂದು 1946ರಲ್ಲಿ ಬಂದಿದ್ದ ತೀರ್ಪು ಜಾರಿಯಲ್ಲಿದೆಯೇ ಎಂದು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು. ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ಎಂಬಲ್ಲಿ ರಸ್ಟಿನ್ ಬಂಧಿತರಾದರು. 1949ರಲ್ಲಿ ಆ ಶಿಕ್ಷೆಯ ಅಂಗವಾಗಿ ರಸ್ತೆಯ ಕೆಲಸಕ್ಕೆ ಹಚ್ಚುವ ಕೈದಿಗಳ ತಂಡದಲ್ಲಿ 22 ದಿನ ದುಡಿದರು. ಆ ದಿನಗಳ ಬಗೆಗೆ ಅವರು ಪತ್ರಿಕೆಗಳಿಗೆ ಬರೆದ ವಿವರಣೆ, ಅಂತಹ ಶಿಕ್ಷೆಯ ಕ್ರೌರ್ಯವನ್ನು ಜನರ ಗಮನಕ್ಕೆ ತಂದಿತು.

ಬಂಧನಕ್ಕೂ ಶಿಕ್ಷೆಗೂ ನಡುವೆ, 1948ರ ಕೊನೆಯಲ್ಲಿ, ರಸ್ಟಿನ್ ಭಾರತಕ್ಕೆ ಬಂದಿದ್ದರು. ಗಾಂಧಿಯವರು ಅದೇ ವರ್ಷದ ಜನವರಿಯಲ್ಲಿ ಹತರಾಗಿದ್ದರು. ರಸ್ಟಿನ್ ಅವರು ಕೆಲವು ವಾರ ಇಲ್ಲಿದ್ದು ಗಾಂಧಿಯವರ ಒಡನಾಡಿಗಳನ್ನು ಕಂಡರು. ಅದಕ್ಕೂ ಮೊದಲು, ಭಾರತದ ಸ್ವಾತಂತ್ರ್ಯವನ್ನು ಬೆಂಬಲಿಸುವ ಸಮಿತಿಯೊಂದನ್ನು ಅಮೆರಿಕದಲ್ಲಿ ನಡೆಸಿದ್ದರು. ಉಪ್ಪಿನ ಸತ್ಯಾಗ್ರಹದಲ್ಲಿ ಭಾಗವಹಿಸಿದ್ದ ಕೃಷ್ಣಲಾಲ್ ಶ್ರೀಧರಾಣಿ ಅವರು 1939ರಲ್ಲಿ ಸತ್ಯಾಗ್ರಹದ ಕ್ರಮವನ್ನು ವಿವರಿಸಿ ಬರೆದ ಇಂಗ್ಲಿಷ್ ಗ್ರಂಥ ಅಮೆರಿಕದ ಶಾಂತಿವಾದಿ ತರುಣರ ಕೈಪಿಡಿಯಂತಾಗಿತ್ತು. ಆದುದರಿಂದ 1955ರ ನಂತರ ಕಿಂಗ್ ಅವರ ಮೂಲಕವೇ ಗಾಂಧಿ ಅಮೆರಿಕವನ್ನು ಮುಟ್ಟಿದರೆಂಬ ರೂಢಿಯ ಮಾತನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಈ ಮಾರ್ಗದಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಒಂದು ಕೊಂಡಿಯೂ ಇದೆ. ರಾಮಮನೋಹರ ಲೋಹಿಯಾ ಅವರು 1951ರಲ್ಲಿ ಕಾಗೋಡು ಸತ್ಯಾಗ್ರಹವನ್ನು ಬೆಂಬಲಿಸಲು ಬಂದು ಬಂಧಿತರಾದರು. ಅದೇ ವರ್ಷ ಅಮೆರಿಕ ಪ್ರವಾಸ ಕೈಗೊಂಡು, ಅಲ್ಲಿನ ಕಪ್ಪುಜನರ ಮುಂದೆ ಕಾನೂನುಭಂಗ ಚಳವಳಿಯ ಮಾತನ್ನಾಡಿದರು. 1964ರ ಮೇ ತಿಂಗಳಲ್ಲಿ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಉಪಾಹಾರಗೃಹವೊಂದನ್ನು ಪ್ರವೇಶಿಸಲು ಹೋಗಿ ಅವರೇ ಬಂಧನಕ್ಕೊಳಗಾದರು. ಮಲೆನಾಡಿನ ಗೇಣಿದಾರರ ಹೋರಾಟವನ್ನೂ ಜಾಕ್ಸನ್ನಿನ ಉಪಾಹಾರಗೃಹವನ್ನೂ ಒಂದೇ ಪ್ರಶ್ನೆಯ ಎರಡು ರೂಪಗಳೆಂದು ಕಂಡವರು ನಮ್ಮಲ್ಲಿಯೂ ಇದ್ದರು ಎಂಬುದಕ್ಕೆ ಇದು ನಿದರ್ಶನ.

3. ಚಳವಳಿಯೊಳಗಿನ ಗೆರೆ

1955ರ ಡಿಸೆಂಬರಿನಲ್ಲಿ ಮಾಂಟ್ಗೊಮರಿಯಲ್ಲಿ ಬಸ್ ಬಹಿಷ್ಕಾರ ಆರಂಭವಾಯಿತು. 1956ರ ಫೆಬ್ರವರಿಯಲ್ಲಿ ರಸ್ಟಿನ್ ಅಲ್ಲಿಗೆ ಹೋದರು. ಕಿಂಗ್ ಅವರ ಮನೆಯ ಮೇಲೆ ಆಗಲೇ ಬಾಂಬು ಬಿದ್ದಿತ್ತು. ಮನೆಯಲ್ಲಿ ರಕ್ಷಣೆಗೆಂದು ಬಂದೂಕುಗಳಿದ್ದವು. ಅಹಿಂಸೆಯನ್ನು ಬದುಕಿನ ಕ್ರಮವಾಗಿಯೂ ಸ್ವೀಕರಿಸಬೇಕೆಂದು 26–27ರ ಪ್ರಾಯದ ಆ ತರುಣ ಪಾದ್ರಿಗೆ ಮನಗಾಣಿಸಿದವರಲ್ಲಿ ರಸ್ಟಿನ್ ಮುಖ್ಯರು. ಬಹಿಷ್ಕಾರ ನಡೆಸಿದ 80ಕ್ಕೂ ಹೆಚ್ಚು ಮಂದಿಯ ಮೇಲೆ ಆರೋಪ ಹೊರಿಸಿದಾಗ, ಪೋಲೀಸರು ಬರುವವರೆಗೆ ಕಾಯದೆ ತಾವೇ ನಡೆದು ಬಂಧನಕ್ಕೊಳಗಾಗಬೇಕೆಂಬ ಸಲಹೆಯೂ ಅವರದೆಂದು ಹೇಳಲಾಗುತ್ತದೆ. ಆದರೆ ಕೆಲವೇ ದಿನಗಳಲ್ಲಿ ಅವರು ಊರು ಬಿಡಬೇಕಾಯಿತು. ಅವರ ಇರವು ಚಳವಳಿಗೆ ಕಳಂಕ ತರಬಹುದೆಂಬ ಅಂಜಿಕೆ ಅದಕ್ಕೆ ಕಾರಣವಾಗಿತ್ತು.

ಈ ಅಂಜಿಕೆಯ ಮೂಲ 1953ರಲ್ಲಿದೆ. ಆ ವರ್ಷದ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದಲ್ಲಿ ಸಲಿಂಗಸಂಬಂಧದ ಕಾರಣಕ್ಕೆ ಅವರನ್ನು ಬಂಧಿಸಿ 60 ದಿನಗಳ ಸೆರೆವಾಸ ವಿಧಿಸಲಾಯಿತು. 12 ವರ್ಷ ದುಡಿದ ಶಾಂತಿವಾದಿ ಸಂಸ್ಥೆಯ ಕೆಲಸ ಕೈಬಿಟ್ಟಿತು. ರಸ್ಟಿನ್ ತಮ್ಮ ಸ್ವಭಾವವನ್ನು ಮುಚ್ಚಿಟ್ಟುಕೊಂಡವರಲ್ಲ. ಆ ಕಾಲದಲ್ಲಿ ಅದು ಅಸಾಧಾರಣ ಧೈರ್ಯ. ಅಂದಿನಿಂದ ಮುಂದೆ ಅವರ ಪಾಲಿಗೆ ಬಂದುದು ತೆರೆಯ ಹಿಂದಿನ ಕೆಲಸ. 1957ರಲ್ಲಿ ದಕ್ಷಿಣದ ಪಾದ್ರಿಗಳ ಸಂಘಟನೆಯೊಂದು ಕಿಂಗ್ ಅವರ ನೇತೃತ್ವದಲ್ಲಿ ರೂಪುಗೊಂಡಾಗ ಅದರ ಆರಂಭದ ಟಿಪ್ಪಣಿಗಳನ್ನು ಸಿದ್ಧಪಡಿಸಿದವರು ರಸ್ಟಿನ್. ಪದಾಧಿಕಾರಿಗಳ ಪಟ್ಟಿಯಲ್ಲಿ ಮಾತ್ರ ಅವರಿಲ್ಲ.

1960ರಲ್ಲಿ ಇನ್ನೂ ಕಹಿಯಾದ ಪ್ರಸಂಗ ನಡೆಯಿತು. ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನದ ಎದುರು ಪ್ರತಿಭಟನೆ ನಡೆಸುವ ಯೋಜನೆಯನ್ನು ಕೈಬಿಡದಿದ್ದರೆ ಕಿಂಗ್ ಮತ್ತು ರಸ್ಟಿನ್ ಅವರ ನಡುವೆ ಸಂಬಂಧವಿದೆಯೆಂಬ ಸುಳ್ಳುಸುದ್ದಿಯನ್ನು ಹರಡುವುದಾಗಿ ಕಪ್ಪುಜನರದೇ ಪ್ರಭಾವಿ ಪ್ರತಿನಿಧಿಯಾಗಿದ್ದ ಆಡಂ ಕ್ಲೇಟನ್ ಪವೆಲ್ ಬೆದರಿಸಿದರು. ರಸ್ಟಿನ್ ರಾಜೀನಾಮೆ ಕೊಟ್ಟರು. ಕಿಂಗ್ ಅದನ್ನು ಸ್ವೀಕರಿಸಿದರು. ಚಿತ್ರದ ಕಥೆ ಆರಂಭವಾಗುವುದು ಇಲ್ಲಿಂದ. ಕಿಂಗ್ ಅವರ ದೌರ್ಬಲ್ಯದ ಗಳಿಗೆಯನ್ನು ಮರೆಮಾಚದೆ ಮೊದಲಲ್ಲೇ ಇರಿಸಿದ್ದು ಈ ಚಿತ್ರದ ಪ್ರಾಮಾಣಿಕತೆಗೆ ಸಾಕ್ಷಿ.

4. ಎಂಟು ವಾರದ ಕೆಲಸ

1963ರಲ್ಲಿ ಜಾಥಾ ನಡೆಸಲು ಆರು ಪ್ರಮುಖ ಸಂಘಟನೆಗಳ ನಾಯಕರು ಕೂಡಿದಾಗ, ರಸ್ಟಿನ್ ಅವರನ್ನು ನಿರ್ದೇಶಕರನ್ನಾಗಿ ಮಾಡಲು ರಾಯ್ ವಿಲ್ಕಿನ್ಸ್ ಒಪ್ಪಲಿಲ್ಲ. ಆಗ ರಾಂಡಾಲ್ಫ್ ತಾವೇ ನಿರ್ದೇಶಕರಾಗಿ, ತಮ್ಮ ಉಪನಿರ್ದೇಶಕರನ್ನು ಆರಿಸಿಕೊಳ್ಳುವ ಹಕ್ಕನ್ನು ಬಳಸಿ ರಸ್ಟಿನ್ ಅವರನ್ನೇ ನೇಮಿಸಿದರು. 74ರ ಇಳಿವಯಸ್ಸಿನ ನಾಯಕರೊಬ್ಬರ ಈ ಜಾಣ್ಮೆಯಿಲ್ಲದಿದ್ದರೆ ಜಾಥಾದ ಸ್ವರೂಪವೇ ಬೇರೆಯಾಗುತ್ತಿತ್ತು.

ಹಾರ್ಲೆಮ್ ಬಡಾವಣೆಯ 130ನೆಯ ಬೀದಿಯ ಕಟ್ಟಡವೊಂದರಲ್ಲಿ ಕಚೇರಿ ತೆರೆಯಲಾಯಿತು. ಕೈಯಲ್ಲಿದ್ದ ಕಾಲ ಸುಮಾರು ಎಂಟು ವಾರ. ಸುಮಾರು 2,000 ಬಸ್ಸುಗಳು ಮತ್ತು 20ಕ್ಕೂ ಹೆಚ್ಚು ವಿಶೇಷ ರೈಲುಗಳು ಒಂದೇ ಬೆಳಗ್ಗೆ ನಗರ ತಲಪಿ ಅದೇ ಸಂಜೆ ಹೊರಡಬೇಕಾಗಿತ್ತು. ಸ್ವಯಂಸೇವಕರು ನ್ಯೂಯಾರ್ಕಿನ ಚರ್ಚೊಂದರಲ್ಲಿ ಕುಳಿತು ಚೀಸ್ ಸ್ಯಾಂಡ್‌ವಿಚ್, ಸೇಬು ಮತ್ತು ಒಂದು ತುಂಡು ಕೇಕ್ ಇರಿಸಿದ 80,000 ಊಟದ ಪೊಟ್ಟಣಗಳನ್ನು ಕಟ್ಟಿದರು. ಆಗಸ್ಟಿನ ಬಿಸಿಲಿಗೆ ಕೆಟ್ಟುಹೋಗುವ ಪದಾರ್ಥವನ್ನು ಬುತ್ತಿಯಲ್ಲಿ ತರಬಾರದೆಂಬ ಸೂಚನೆಯನ್ನೂ ಸಂಘಟಕರು ಹೊರಡಿಸಿದರು. ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆ ಎಲ್ಲವೂ ಪಟ್ಟಿಯಲ್ಲಿದ್ದವು. ನ್ಯೂಯಾರ್ಕಿನ ಕಪ್ಪು ಪೋಲೀಸರನ್ನು ಆಯುಧವಿಲ್ಲದೆ ಜನಸಂದಣಿಯನ್ನು ನೋಡಿಕೊಳ್ಳಲು ಅಣಿಗೊಳಿಸಲಾಯಿತು. ಹಿಂದಿನ ರಾತ್ರಿ ಯಾರೋ ಧ್ವನಿವರ್ಧಕದ ವ್ಯವಸ್ಥೆಯನ್ನು ಹಾಳುಗೆಡವಿದಾಗ ಸೈನ್ಯದ ತಂತ್ರಜ್ಞರಿಂದ ಅದನ್ನು ಸರಿಪಡಿಸಲಾಯಿತು. ಆ ದುರಸ್ತಿ ನಡೆಯದಿದ್ದರೆ ಕಿಂಗ್ ಅವರ ಭಾಷಣ ಮುಂದಿನ ಕೆಲವು ಸಾಲುಗಳಿಗಷ್ಟೇ ಕೇಳಿಸುತ್ತಿತ್ತು.

ಆಗಸ್ಟ್ 13ರಂದು ದಕ್ಷಿಣ ಕೆರೊಲಿನಾದ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅವರು ರಸ್ಟಿನ್ ಕಮ್ಯುನಿಸ್ಟರು, ಸೈನ್ಯಕ್ಕೆ ಸೇರದೆ ತಪ್ಪಿಸಿಕೊಂಡವರು, ಸಲಿಂಗಪ್ರೇಮಿ ಎಂದು ಸೆನೆಟ್ಟಿನಲ್ಲಿ ನಿಂದಿಸಿ 1953ರ ದಾಖಲೆಯನ್ನು ಹೊರಗೆಳೆದರು. ಈ ಬಾರಿ ನಾಯಕರು ಕೈಬಿಡಲಿಲ್ಲ. ರಾಂಡಾಲ್ಫ್ ಬಹಿರಂಗವಾಗಿ ಬೆಂಬಲಿಸಿದರು. ಮೊದಲು ವಿರೋಧಿಸಿದ್ದ ವಿಲ್ಕಿನ್ಸ್ ಅವರೂ ಜೊತೆಗೆ ನಿಂತರು. 1956 ಮತ್ತು 1960ರ ಪ್ರಸಂಗಗಳ ಜೊತೆಗೆ ಇಟ್ಟು ನೋಡಿದಾಗ, ಚಳವಳಿ ತಾನೆಳೆದ ಗೆರೆಯನ್ನು ತಾನೇ ಸ್ವಲ್ಪಮಟ್ಟಿಗೆ ಅಳಿಸಿಕೊಂಡ ಗಳಿಗೆ ಇದು ಎಂಬುದು ಸ್ಪಷ್ಟವಾಗುತ್ತದೆ.

ಆದರೂ ಇನ್ನೊಂದು ಗೆರೆ ಉಳಿಯಿತು. ಆಡಳಿತ ಸಮಿತಿಯಲ್ಲಿದ್ದ ಏಕೈಕ ಮಹಿಳೆ ಆನಾ ಆರ್ನಾಲ್ಡ್ ಹೆಜ್‌ಮನ್. ಮುಖ್ಯ ಭಾಷಣಕಾರರ ಪಟ್ಟಿಯಲ್ಲಿ ಒಬ್ಬ ಮಹಿಳೆಯೂ ಇಲ್ಲವೆಂದು ಅವರು ಲಿಖಿತವಾಗಿ ಪ್ರತಿಭಟಿಸಿದರು. ಫಲವಾಗಿ ದೊರೆತುದು ಮಹಿಳೆಯರಿಗೆ ಗೌರವ ಸಲ್ಲಿಸುವ ಒಂದು ಪುಟ್ಟ ಭಾಗ ಮಾತ್ರ. ಡೇಸಿ ಬೇಟ್ಸ್ ಕೆಲವು ಮಾತುಗಳನ್ನಾಡಿದರು. ಅಂದು ಸಂಜೆ ಅಧ್ಯಕ್ಷ ಕೆನೆಡಿ ಅವರನ್ನು ಭೇಟಿಯಾದ ನಾಯಕರ ಛಾಯಾಚಿತ್ರದಲ್ಲಿ ಮಹಿಳೆಯರಿಲ್ಲ. ರಸ್ಟಿನ್ ಕೂಡ ಇಲ್ಲ.

5. ಚರಿತೆಯ ಕ್ರಮ

ಜೀವನಚರಿತ್ರೆಯನ್ನು ನಾಟಕವಾಗಿಸುವವರು ಒಂದು ಸಂಘರ್ಷವನ್ನು ಆರಿಸಿಕೊಂಡು ಉಳಿದುದನ್ನು ಅದರ ಸುತ್ತ ಜೋಡಿಸುತ್ತಾರೆ. ನಡುಗನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಇದು ಹೊಸತಲ್ಲ. ಹರಿಹರನ ಬಸವರಾಜದೇವರ ರಗಳೆಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ಮುತ್ತವ್ವೆಯ ಪೋಷಣೆಯಲ್ಲಿ ಬೆಳೆದ ಬಸವಣ್ಣ ಹರೆಯದಲ್ಲಿ ಜನಿವಾರವನ್ನು ಕಿತ್ತೊಗೆದು ಹೊರಡುತ್ತಾನೆ. 1369ರ ಭೀಮಕವಿಯ ಬಸವಪುರಾಣದಲ್ಲಿ ಎಳೆಯ ಬಸವಣ್ಣ ತಂದೆಯ ಎದುರು ನಿಂತು ಉಪನಯನವನ್ನೇ ನಿರಾಕರಿಸುತ್ತಾನೆ. ಒಂದರಲ್ಲಿ ಏಕಾಂತದ ನಿರ್ಧಾರ, ಇನ್ನೊಂದರಲ್ಲಿ ಮುಖಾಮುಖಿ. ಕಾಲ ಕಳೆದಂತೆ ಸಂಘರ್ಷ ಬೆಳೆದುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಇವೆರಡರಲ್ಲಿ ಒಂದನ್ನು ಸುಳ್ಳೆಂದು ಬಿಸುಡದೆ, ಯಾವ ಅಗತ್ಯಕ್ಕಾಗಿ ಹಾಗೆ ಬರೆದರೆಂದು ಕೇಳುವುದು ನಮ್ಮ ರೂಢಿ. ಚಲನಚಿತ್ರಕ್ಕೂ ಅದೇ ಪ್ರಶ್ನೆಯನ್ನು ಹಾಕಬಹುದು.

'ರಸ್ಟಿನ್' ಚಿತ್ರ ಮುಖ್ಯವಾಗಿ 1960ರಿಂದ 1963ರವರೆಗಿನ ಅವಧಿಯನ್ನು ಹಿಡಿಯುತ್ತದೆ. ಹಿಂದಿನ ಎರಡು ದಶಕಗಳ ತಯಾರಿ ನೆನಪಿನ ತುಣುಕುಗಳಲ್ಲಿ ಸರಿಯುತ್ತದೆ. ಇಲಾಯಸ್ ಟೇಲರ್ ಎಂಬ ಪಾದ್ರಿಯೊಡನೆ ನಾಯಕನಿಗಿರುವ ಗುಪ್ತಪ್ರೇಮ ಕಥೆಯ ಒಂದು ಮುಖ್ಯ ಎಳೆ. ಆ ಪಾದ್ರಿ ಕಲ್ಪಿತ ಪಾತ್ರ. ನಾಯಕನ ಒಳಗಿನ ತೊಳಲಾಟಕ್ಕೆ ಮಾತು ಕೊಡಲು ಇಂತಹ ಪಾತ್ರ ಬೇಕಾಗಿದ್ದಿರಬಹುದು. ಆದರೆ ದಾಖಲೆಗಳಲ್ಲಿ ಕಾಣುವ ನೋವು ಬಹುಮಟ್ಟಿಗೆ ಸಾರ್ವಜನಿಕವಾದುದು: ಸಭೆಯಲ್ಲಿ ಹೆಸರು ಕೈಬಿಡುವುದು, ಪತ್ರಕ್ಕೆ ಉತ್ತರ ಬಾರದಿರುವುದು, ರಾಜೀನಾಮೆ ಸ್ವೀಕೃತವಾಗುವುದು. ಅದನ್ನು ಖಾಸಗಿ ಪ್ರೇಮದ ದುಃಖದೊಡನೆ ಬೆರೆಸಿದಾಗ ಸಂಸ್ಥೆಗಳ ಹೊಣೆ ಕೊಂಚ ಹಗುರವಾಗುತ್ತದೆ ಎಂಬುದು ನಮ್ಮ ಆಕ್ಷೇಪ. ಹೆಜ್‌ಮನ್ ಮತ್ತು ಎಲಾ ಬೇಕರ್ ಅವರ ಪಾತ್ರಗಳು ಚಿತ್ರದಲ್ಲಿವೆಯಾದರೂ ಅವರ ಪಾಲಿಗೆ ಬಂದಿರುವುದು ಸಣ್ಣ ಅವಕಾಶ. ಗೆರೆಯಾಚೆ ನಿಂತವನೊಬ್ಬನನ್ನು ಒಳಗೆ ಕರೆದ ಚಿತ್ರವೂ ಉಳಿದವರನ್ನು ಹೊಸ್ತಿಲಲ್ಲೇ ನಿಲ್ಲಿಸಿದಂತಾಗಿದೆ.

ಹಾಗಿದ್ದರೂ ಈ ಚಿತ್ರದ ಒಂದು ಸಾಧನೆಯನ್ನು ಒಪ್ಪಬೇಕು. ಭಾಷಣವನ್ನು ತೆರೆಯ ಮೇಲೆ ತರುವುದು ಸುಲಭ. ಸಂಘಟನೆಯನ್ನು ತರುವುದು ಕಷ್ಟ. ಬಸ್ಸಿನ ಲೆಕ್ಕ, ದೂರವಾಣಿ, ಪಟ್ಟಿ, ಶೌಚಾಲಯದ ಸಂಖ್ಯೆ ಇವುಗಳಿಂದ ಚಿತ್ರ ಕುತೂಹಲವನ್ನು ಕಟ್ಟಿದೆ. ಕೊನೆಯಲ್ಲಿ ಜನ ಚದುರಿದ ಮೇಲೆ ರಸ್ಟಿನ್ ಮೈದಾನದ ಕಸ ಹೆಕ್ಕುವುದನ್ನು ತೋರಿಸುತ್ತದೆ. ಕೆಲಸ ಎಲ್ಲಿ ಮುಗಿಯುತ್ತದೆ ಎಂಬುದರ ಬಗೆಗೆ ಇದಕ್ಕಿಂತ ನೇರವಾದ ಮಾತು ಬೇಕಿಲ್ಲ.

ಚಿತ್ರ ಅಲ್ಲಿಗೆ ನಿಂತರೂ ಬದುಕು ನಿಲ್ಲಲಿಲ್ಲ. ಜಾಥಾ ನಡೆದ ಮೂರೇ ವಾರದೊಳಗೆ, ಸೆಪ್ಟೆಂಬರ್ 15ರಂದು, ಬರ್ಮಿಂಗ್‌ಹ್ಯಾಮಿನ ಚರ್ಚಿನಲ್ಲಿ ಬಾಂಬು ಸಿಡಿದು ನಾಲ್ವರು ಬಾಲಕಿಯರು ಸತ್ತರು. ನಾಗರಿಕ ಹಕ್ಕುಗಳ ಕಾಯಿದೆ 1964ರಲ್ಲಿ, ಮತದಾನದ ಹಕ್ಕಿನ ಕಾಯಿದೆ 1965ರಲ್ಲಿ ಬಂದವು. ಪ್ರತಿಭಟನೆಯಿಂದ ರಾಜಕಾರಣಕ್ಕೆ ಸಾಗಬೇಕೆಂದು ರಸ್ಟಿನ್ 1965ರಲ್ಲಿ ಬರೆದ ಪ್ರಬಂಧ ತರುಣ ಹೋರಾಟಗಾರರನ್ನು ಅವರಿಂದ ದೂರ ಮಾಡಿತು. ಯುದ್ಧವಿರೋಧಕ್ಕಾಗಿ ಸೆರೆಮನೆ ಕಂಡವರು ವಿಯೆಟ್ನಾಂ ಯುದ್ಧದ ವಿಷಯದಲ್ಲಿ ಎಚ್ಚರಿಕೆಯ ಮಾತನ್ನಾಡಿದ್ದು ಹಳೆಯ ಮಿತ್ರರನ್ನು ನೋಯಿಸಿತು. 1987ರ ಆಗಸ್ಟ್ 24ರಂದು ಅವರು ತೀರಿಕೊಂಡರು. 2013ರಲ್ಲಿ ಅಧ್ಯಕ್ಷ ಒಬಾಮ ಅವರು ಮರಣೋತ್ತರವಾಗಿ ದೇಶದ ಅತ್ಯುನ್ನತ ನಾಗರಿಕ ಗೌರವವನ್ನು ನೀಡಿದರು. 2020ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ 1953ರ ಅಪರಾಧಕ್ಕೆ ಕ್ಷಮಾದಾನವಿತ್ತರು. ಅಪರಾಧವೇ ಅಲ್ಲದುದಕ್ಕೆ ಕ್ಷಮೆ ಬರಲು 67 ವರ್ಷ ಹಿಡಿಯಿತು.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಪಾಠಪುಸ್ತಕ ವೇದಿಕೆಯನ್ನು ನೋಡಿ ಬರೆದದ್ದು. ರಸ್ಟಿನ್ ಅವರ ಕೆಲಸ ಕಚೇರಿಯ ಕಡತದಲ್ಲಿತ್ತು. ಅವರನ್ನು ಕಡತದಲ್ಲೇ ಇರಿಸಿದ್ದು ಆಕಸ್ಮಿಕವಲ್ಲ, ಹಲವರು ತಿಳಿದು ಮಾಡಿದ ನಿರ್ಧಾರ. ಹೊರನಾಡಿನಲ್ಲಿದ್ದು ಚರಿತ್ರೆ ಬರೆಯುವ ನಮಗೂ ಇದರಲ್ಲಿ ಎಚ್ಚರಿಕೆಯಿದೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಇತಿಹಾಸವನ್ನಾಗಲಿ ಯಾವುದೇ ಕನ್ನಡ ಸಂಘದ ಇತಿಹಾಸವನ್ನಾಗಲಿ ಬರೆಯುವಾಗ ಅಧ್ಯಕ್ಷರ ಭಾಷಣ ಸುಲಭವಾಗಿ ದೊರೆಯುತ್ತದೆ. ಚಂದಾ ಎತ್ತಿದವರ, ದೀಪ ಹಚ್ಚಿದವರ, ಹುಡುಗರನ್ನು ಕೆಲಸದಿಂದ ಬಿಡಿಸಿ ಕರೆತಂದವರ ಹೆಸರು ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಉಳಿದಿರುತ್ತದೆ. ಅಂತಹ ಪುಸ್ತಕಗಳನ್ನು ಬಿಚ್ಚಿ ನೋಡುವ, ಮತ್ತು ಅಲ್ಲಿಯೂ ಇಲ್ಲದ ಹೆಸರು ಏಕಿಲ್ಲವೆಂದು ಕೇಳುವ ಕೆಲಸ ಸಂಶೋಧಕರದು.